ಹನ್ನೊಂದು ಕಿಂಡಿ

ಎಲ್ಲಾದರೂ ಸುಟ್ಟ ಸುಣ್ಣಕ್ಕೆ ನೀರು ಹೊಯ್ದ ವಾಸನೆ ಬಂದರೆ ಸಾಕು, ಕೂಡ್ಲಿಗಿ ದಾರಿಯ ನಮ್ಮೂರ ಮನೆ, ಪಡಸಾಲೆಯಲ್ಲಿ ಮಲಗಿದ್ದ ಅಜ್ಜ ಕಣ್ಣ ಮುಂದೆ ಬಂದುಬಿಡುತ್ತಾರೆ. ಆ ಮನೆ ಈಗಿಲ್ಲ, ಅದರಲ್ಲಿದ್ದವರೂ ಇಲ್ಲ. ನಿಮಗೂ ಅಂಥದೊಂದು ಮನೆ ಇದ್ದೇ ಇರುತ್ತದೆ. ನಮ್ಮದು ಗೌಂಡಿಗಳ ಮನೆತನ. ಊರ ಚರ್ಚಿನ ಹೆಬ್ಬಾಗಿಲು, ಸಮಾಧಿಗಳಿದ್ದ ಅಂಗಳವನ್ನು ಸುತ್ತಿದ ಗೋಡೆ, ಎರಡನ್ನೂ ಕಟ್ಟಿದವರು ಅಜ್ಜನ ಅಪ್ಪ. ಚೂಪು ನೆತ್ತಿಯ ಕಮಾನು, ಎರಡೂ ಕಡೆ ದಪ್ಪ ಕಂಬ, ಅಲ್ಲಿಂದ ಬೀದಿಯುದ್ದಕ್ಕೂ ಕಲ್ಲುಗೋಡೆ. ಒಳಗಿನ ಅಂಗಳ ಬೀದಿಗಿಂತ ಎದೆಯೆತ್ತರ ಮೇಲಿತ್ತು. ಅಷ್ಟೂ ಎರೆಮಣ್ಣನ್ನು ಆ ಗೋಡೆಯೇ ತಡೆದು ನಿಂತಿತ್ತು. ಅಜ್ಜನಿಗೆ ಅದರ ಮೇಲೆ ಎಂಥ ಅಭಿಮಾನ ಅಂತೀರಿ! ಸಂತೆಗೆ ಹೋಗುವಾಗಲೂ ಒಮ್ಮೆ ಅದನ್ನು ಸವರಿಯೇ ಮುಂದೆ ಹೋಗುತ್ತಿದ್ದರು.

ತೊಂಬತ್ತರ ದಶಕದ ಒಂದು ಬೇಸಿಗೆ, ಆ ಗೋಡೆಯ ಸಂದುಗಳಿಗೆ ಸಿಮೆಂಟು ತುಂಬುವ ಕೆಲಸ ಅಪ್ಪನಿಗೆ ಬಂತು. ಅಜ್ಜ ಆಗಲೇ ಹಾಸಿಗೆ ಹಿಡಿದಿದ್ದರು. ಬುತ್ತಿ ಒಯ್ಯುತ್ತಿದ್ದ ನನ್ನನ್ನು ಕರೆದು, "ಯವ್ವಾ, ಗ್ವಾಡಿ ಬುಡಕ್ಕ ಸಾಲಾಗಿ ಕಿಂಡಿ ಅದಾವು. ಒಳಗಿನ ಮಳಿನೀರು ಹೊರಗ ಬರಾಕ ಬಿಟ್ಟಿದ್ದು. ಮುಚ್ಚಬ್ಯಾಡ ಅಂತ ನಿಮ್ಮಪ್ಪಗ ಹೇಳು," ಅಂದರು. ಹೂಂ ಅಂದು ಓಡಿದೆ. ಅಲ್ಲಿ ನೋಡಿದರೆ ಅಪ್ಪ ಬಲು ಗೆಲುವಾಗಿದ್ದ. "ಬಾರವ್ವ ಗೌಂಡಿ ಮಗಳ, ಕಲ್ಲು ಉದುರಿ ತೂತು ಬಿದ್ದಾವು ನೋಡು, ಆ ಕೆಳಗಿನವೆಲ್ಲಾ ನೀನ ಮುಚ್ಚು," ಎಂದು ಗಾರೆ ಮೆತ್ತುವ ತನ್ನ ಕರಣಿಯನ್ನೇ ಕೈಗೆ ಕೊಟ್ಟ. ನಮ್ಮ ಮನೆಯ ಹೆಂಗಸರು ಗಾರೆಬುಟ್ಟಿ ಹೊತ್ತವರು. ಕರಣಿ ಹಿಡಿದವರು ಒಬ್ಬರೂ ಇಲ್ಲ. ಅಜ್ಜನ ಮಾತು ಮರೆತೆ ಎಂದು ಸುಳ್ಳು ಹೇಳಲಾರೆ. ಚೆನ್ನಾಗಿ ನೆನಪಿತ್ತು. ಹೇಳಿದರೆ ಕರಣಿ ಕೈಬಿಡುತ್ತಿತ್ತು, ಅಷ್ಟೇ. ಹನ್ನೊಂದು ಕಿಂಡಿಗೂ ಕಲ್ಲುಚೂರು ತುರುಕಿ, ಸಿಮೆಂಟು ಮೆತ್ತಿ, ನುಣ್ಣಗೆ ಎಳೆದೆ. ಸಂಜೆ ಅಜ್ಜ ಕೇಳಿದಾಗ "ಹೇಳೀನಿ ಅಜ್ಜಾ" ಅಂದೆ.

ಆ ವರ್ಷ ಮಳೆ ಮೂರು ದಿನ ಬಿಡದೆ ಹಿಡಿಯಿತು. ಎರೆಮಣ್ಣು ನೀರು ಕುಡಿದು ಉಬ್ಬಿ ಗೋಡೆಯನ್ನು ಬೀದಿಗೆ ಕೆಡವಿತು. ಅದರ ಜೊತೆಗೆ ಒಂದು ಕಂಬ, ಕಮಾನು ಎಲ್ಲ ಹೋಯಿತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಅಪ್ಪ ಬೀದಿಗೆ ಬಿದ್ದ ಕಲ್ಲು ತೆಗೆಯಲು ಹೋಗಿದ್ದಾಗ ಚರ್ಚಿನ ಅಯ್ಯನವರು ಅಜ್ಜನಿಗೆ ಸಮಾಧಾನ ಹೇಳಲು ಮನೆಗೆ ಬಂದರು. ಅಜ್ಜ ಎದ್ದು ಕೂತು ಕೈ ಮುಗಿದರು. "ತಪ್ಪು ನಮ್ಮಪ್ಪಂದ್ರಿ, ಅಯ್ಯನೋರ. ನೀರಿಗೆ ಕಿಂಡಿ ಬಿಟ್ಟಿದ್ರೂ ಬಿದ್ದೈತಿ ಅಂದ್ರ ಪಾಯಾನ ಸರಿ ಹಾಕಿರಲಿಲ್ಲ. ಇಷ್ಟು ದಿನ ನಾ ಸುಮ್ನ ಮೆರದ್ನಿರಿ."

ಬಾಗಿಲ ಮರೆಯಲ್ಲಿ ನಿಂತಿದ್ದ ನನಗೆ ಎಲ್ಲ ಕೇಳಿಸಿತು. ಒಂದು ಮಾತು ಸಾಕಿತ್ತು. ಅಯ್ಯನವರಿಗೆ ಚಹಾ ಕಾಸಲು ಒಳಗೆ ಹೋದೆ. ಮುಂದೆ ಹದಿನೈದು ದಿನಕ್ಕೆ ಅಜ್ಜ ಹೋದರು, ತಮ್ಮ ಅಪ್ಪನಿಗೆ ಗೋಡೆ ಕಟ್ಟಲು ಬರುತ್ತಿರಲಿಲ್ಲ ಎಂದು ನಂಬಿಕೊಂಡೇ.