ನಂದೊಳ್ಳಿಯಿಂದ ಬಸ್ಸಿನಲ್ಲಿ ಬಂದ ಟ್ಯೂಬುಗಳು

ಹೋದ ವರ್ಷ ದೀಪಾವಳಿ ಕಳೆದ ಮೇಲಿನ ಮಾತು. ಶಿರಸಿಯ ನನ್ನ ಸೈಕಲ್ ಅಂಗಡಿಗೆ ಆಗ ಇಪ್ಪತ್ತೆರಡು ವರ್ಷ. ಪೇಟೆಯ ಮರದಡಿ ಪಂಕ್ಚರ್ ಹಾಕುತ್ತ ಶುರು ಮಾಡಿದವನು ಈಗ ರೋಡ್ ಬೈಕನ್ನೂ ಮಾರುತ್ತೇನೆ. ರೋಡ್ ಬೈಕ್ ಎಂದರೆ ಬಾಗಿದ ಹ್ಯಾಂಡಲ್ಲಿನ, ಸಪೂರ ಟೈರಿನ ರೇಸ್ ಸೈಕಲ್. ಟೈರಿನ ಪಕ್ಕೆಯಲ್ಲಿ 700x25 ಎಂದಿದ್ದರೆ ಆ 25 ಮಿಲಿಮೀಟರಿನಲ್ಲಿ ಅದರ ಅಗಲ. ಕೊಳ್ಳುವವರು ಇಷ್ಟು ತಿಳಿದುಕೊಂಡು ಬಂದರೆ ನನ್ನಂಥವನೂ ಸುಮ್ಮನೆ ಟೋಪಿ ಹಾಕಲಾರ.

ನಂದೊಳ್ಳಿಯ ಲಕ್ಷ್ಮಣ ಗೌಡರ ಮಗಳು ನೇತ್ರಾ ಕ್ರೀಡಾ ಹಾಸ್ಟೆಲ್ಲಿನ ಸೈಕ್ಲಿಂಗ್ ಆಯ್ಕೆಗೆ ತಯಾರಾಗುತ್ತಿದ್ದಳು. ಆಯ್ಕೆಗೆ ಒಂದು ತಿಂಗಳಿತ್ತು. ವಯಸ್ಸಿನ ಮಿತಿಯಿಂದಾಗಿ ಅವಳಿಗೆ ಅದೇ ಕೊನೆಯ ಅವಕಾಶ. ಸೆಕೆಂಡ್ ಹ್ಯಾಂಡ್ ಸೈಕಲ್ಲನ್ನು ನಾನೇ ಹುಬ್ಬಳ್ಳಿಯಲ್ಲಿ ಚೌಕಾಸಿ ಮಾಡಿ ಕೊಡಿಸಿದ್ದೆ. ಹಾಗಾಗಿ ಅದು ನಿಂತರೆ ನನ್ನ ಮಾತೂ ನಿಂತ ಹಾಗೆ.

ಸೈಕಲ್ ನಿಲ್ಲುತ್ತಲೇ ಹೋಯಿತು. ಹಿಂದಿನ ಚಕ್ರ ಎರಡು ದಿನಕ್ಕೊಮ್ಮೆ ಚಪ್ಪಟೆ. ನಮ್ಮ ಕಡೆ ಇಂಥದ್ದಕ್ಕೆ ಯಾರೂ ಸೈಕಲ್ ಹೊತ್ತು ತರುವುದಿಲ್ಲ. ಟ್ಯೂಬ್ ಬಿಚ್ಚಿ, ಚೀಲದಲ್ಲಿ ಹಾಕಿ, ನಂದೊಳ್ಳಿ ಕಡೆಯವರಾದರೆ ಹತ್ತಿರದ ಯಲ್ಲಾಪುರದಲ್ಲಿ ಶಿರಸಿ ಬಸ್ಸಿನ ಡ್ರೈವರ್ ಕೈಗೆ ಕೊಟ್ಟು ಫೋನ್ ಮಾಡುತ್ತಾರೆ. ನಾನು ಬಸ್‌ಸ್ಟ್ಯಾಂಡಿನಲ್ಲಿ ಇಸಿದುಕೊಂಡು, ತೇಪೆ ಹಾಕಿಯೋ ಹೊಸದು ಇಟ್ಟೋ ವಾಪಸ್ ಕಳಿಸುತ್ತೇನೆ. ಲಕ್ಷ್ಮಣಣ್ಣನೂ ಹಾಗೇ ಮಾಡಿದ.

ಮೊದಲ ಟ್ಯೂಬನ್ನು ನೀರಿನಲ್ಲಿ ಅದ್ದಿದೆ. ಟೈರಿಗೆ ತಾಗುವ ಹೊರಮೈಯಲ್ಲಿ ಸಣ್ಣ ಅಡ್ಡಗೆರೆ, ಅದರ ಮೇಲೆ ಸೂಜಿಮೊನೆಯಷ್ಟು ತೂತು. ಮುಳ್ಳು ಚುಚ್ಚಿದರೆ ದುಂಡಗಿನ ತೂತಾಗುತ್ತದೆ, ಉಜ್ಜಿದ ಗೆರೆ ಏಳುವುದಿಲ್ಲ. ಗಾಳಿ ಕಡಿಮೆಯಿದ್ದು ಹೊಂಡಕ್ಕೆ ಬಿದ್ದರೆ ರಿಮ್ ಕಚ್ಚಿ ಅಕ್ಕಪಕ್ಕ ಎರಡು ತೂತಾಗುತ್ತವೆ. ರಿಮ್ಮಿನೊಳಗಿನ ಟೇಪು ಸರಿದರೆ ಒಳಮೈ ಹರಿಯುತ್ತದೆ. ಇದು ಮೂರೂ ಅಲ್ಲ. ಟೈರ್ ಹಳತಾಗಿ ಒಳಗಿನ ನೂಲು ಎದ್ದಿರಬೇಕೆಂದು ಹೊಸ ಟೈರ್ ಕಳಿಸಿದೆ. ಮೂರನೇ ದಿನ ಚೀಲ ಬಂತು, ಅದೇ ಗೆರೆ. ದಪ್ಪ ಟ್ಯೂಬ್ ಕಳಿಸಿದೆ. ಅದು ನಾಲ್ಕೈದು ದಿನ ತಡೆಯಿತು. ಬೇಗ ಕೆಟ್ಟಿದ್ದರೆ ಒಂದು ಅರ್ಥವಿತ್ತು, ಕೆಡದೇ ಇದ್ದಿದ್ದರೆ ಇನ್ನೊಂದು. ತಡವಾಗಿ ಕೆಟ್ಟದ್ದಕ್ಕೆ ಏನೆನ್ನಬೇಕೋ ತಿಳಿಯಲಿಲ್ಲ. ಸಪ್ಲೈ ಮಾಡುವವನೊಡನೆ ಜಗಳವಾಡಿ ಬೇರೆ ಕಂಪನಿಯ ಟ್ಯೂಬ್ ತರಿಸಿದೆ. ಅದೂ ಹೋಯಿತು.

ಟೈರಿನ ಒಳಗೆ ಕೈಯಾಡಿಸಿ ನೋಡಲು ಫೋನಿನಲ್ಲಿ ಹೇಳಿದ್ದೆ. ಲಕ್ಷ್ಮಣಣ್ಣ, ಒಳಗೆ ಎಂತದೂ ಇಲ್ಲ, ಬಟ್ಟೆಯಲ್ಲಿ ಒರೆಸಿಯೇ ಹಾಕಿದ್ದೇನೆ ಎಂದ. ಆಯ್ಕೆಗೆ ಹತ್ತು ದಿನ ಉಳಿದಿತ್ತು. ನೇತ್ರಾ ಫೋನ್ ಮಾಡಿ, ಇಪ್ಪತ್ತು ಕಿಲೋಮೀಟರಿನ ಮೇಲೆ ಹೋಗಲು ಹೆದರಿಕೆ, ನಡೆದು ಬರಬೇಕಾಗುತ್ತದೆ ಎಂದಳು. ಫೋನನ್ನು ಅಪ್ಪನಿಗೆ ಕೊಡಲು ಹೇಳಿದೆ.

“ಲಕ್ಷ್ಮಣಣ್ಣ, ಈ ಸಲ ಬಿಚ್ಚಬೇಡಿ. ಗಾಳಿ ಹೋದ ಚಕ್ರ ಹಾಗೇ ತಗಂಡು ಬನ್ನಿ.”

“ಎಂತಕ್ಕೆ? ಹಾಳಾಗೂದು ಟ್ಯೂಬ್ ಅಲ್ದಾ?”

ಅಪ್ಪ ಮಗಳು ಇಬ್ಬರೂ ಚಕ್ರ ಹಿಡಿದುಕೊಂಡು ಬಂದರು. ಟೈರಿನ ಒಂದು ಬದಿ ಎಬ್ಬಿಸಿದೆ. ಟ್ಯೂಬಿಗೂ ಟೈರಿಗೂ ನಡುವೆ, ಸುತ್ತಲೂ, ಹಳೇ ಟ್ಯೂಬ್ ಕತ್ತರಿಸಿ ಮಾಡಿದ ರಬ್ಬರ್ ಪಟ್ಟಿ. ಅದರ ಎರಡು ತುದಿ ಒಂದರ ಮೇಲೊಂದು ಕೂತಲ್ಲೇ ಟ್ಯೂಬಿನ ಮೇಲೆ ಆ ಅಡ್ಡಗೆರೆ.

“ಒಳಗೆ ಎಂತದೂ ಇಲ್ಲ ಅಂದಿದ್ರಲ್ಲ?”

“ಪಟ್ಟಿ ಬಿಟ್ರೆ ಎಂತದೂ ಇಲ್ಲ. ಪಟ್ಟಿ ಇಲ್ದೆ ಯಾರಾದ್ರೂ ಟೈರ್ ಹಾಕ್ತ್ರಾ?”

ಅವನ ಮಾತು ಸುಳ್ಳಲ್ಲ. ಹಾಲಿನ ಕ್ಯಾನ್, ಹುಲ್ಲಿನ ಹೊರೆ ಹೊರುವ ದೊಡ್ಡ ಸೈಕಲ್ಲಿಗೆ ನಮ್ಮಲ್ಲಿ ಮುಳ್ಳು ತಾಗದಿರಲೆಂದು ಪಟ್ಟಿ ಹಾಕುವುದು ವಾಡಿಕೆ. ಅಲ್ಲಿ ಟ್ಯೂಬ್ ದಪ್ಪ, ಗಾಳಿ ಸಾಧಾರಣ. ರೋಡ್ ಬೈಕಿನ ತೆಳು ಟ್ಯೂಬಿಗೆ ಅದರ ಎರಡರಷ್ಟು ಒತ್ತಡದ ಗಾಳಿ ಬೀಳುತ್ತದೆ. ಪಟ್ಟಿಯ ಅಂಚು ಅದನ್ನು ಉಜ್ಜಿ ಉಜ್ಜಿ ಕೊರೆಯುತ್ತದೆ.

“ಅಪ್ಪ, ಮುಳ್ಳಾಗಿದ್ರೆ ತಿಂಗಳಿಗೊಂದ್ಸಲ ಚುಚ್ತಿತ್ತು, ಈ ಪಟ್ಟಿ ಎರಡು ದಿನಕ್ಕೊಂದ್ಸಲ ಕೊರೀತದೆ,” ಎಂದಳು ನೇತ್ರಾ.

ಲಕ್ಷ್ಮಣಣ್ಣ ಮಗಳನ್ನೂ ನನ್ನನ್ನೂ ನೋಡಿದ. ಪಟ್ಟಿ ತೆಗೆದರೆ ಅವಳಿಗೆ ರಕ್ಷಣೆ ಏನು ಎಂಬುದು ಅವನ ಪ್ರಶ್ನೆ. ಹಿಂದಿನ ಚಕ್ರಕ್ಕೂ ಅದರ ಎರಡು ಬದಿಯ ಫ್ರೇಮಿಗೂ ನಡುವೆ ಅಗಲದ ಟೈರಿಗೆ ಎಷ್ಟು ಜಾಗವಿದೆಯೆಂದು ನಾನು ಕೇಳಿದರೆ, ನೇತ್ರಾ ಅಳೆದೇ ಬಂದಿದ್ದಳು. 28ರ ಟೈರ್ ಆರಾಮಾಗಿ ಕೂರುತ್ತಿತ್ತು. ನೆಲ ತಾಗುವ ಮೈಯೊಳಗೇ ಮುಳ್ಳು ತಡೆಯುವ ಪದರವಿರುವ 28ರದ್ದು ಕೊಟ್ಟೆ. ಟ್ಯೂಬಿನ ಡಬ್ಬಿಯ ಮೇಲೂ 25ರಿಂದ 32 ಎಂದಿರುವುದನ್ನು ಓದಿಸಿದೆ. ಟೈರಿನ ಅಗಲ ಆ ಎರಡು ಅಂಕಿಗಳ ಮಧ್ಯೆ ಬರಬೇಕು. ವಾಲ್ವ್ ರಿಮ್ಮಿನಿಂದ ಪಂಪಿಗೆ ಸಿಗುವಷ್ಟು ಹೊರಗೆ ಚಾಚಿರಬೇಕು. ಹೆಬ್ಬೆರಳಲ್ಲಿ ಒತ್ತಿ ಗಾಳಿ ಅಂದಾಜು ಮಾಡುವುದು ಬಿಟ್ಟು ಮೀಟರ್ ಇರುವ ಪಂಪ್ ಇಟ್ಟುಕೊಳ್ಳಬೇಕು. ಇಷ್ಟು ಹೇಳಿ, ಟೈರನ್ನು ನಾನು ಮುಟ್ಟಲಿಲ್ಲ. ನೇತ್ರಾಳ ಕೈಯಲ್ಲೇ ಮೂರು ಸಲ ಬಿಚ್ಚಿಸಿ ಹಾಕಿಸಿದೆ. ಅಷ್ಟರೊಳಗೆ ಲಕ್ಷ್ಮಣಣ್ಣನ ಕೈ ಎರಡು ಸಲ ಮುಂದೆ ಬಂದು ಹಿಂದೆ ಹೋಯಿತು.

ಆಯ್ಕೆಯ ದಿನ ಸಂಜೆ ಅವನ ಫೋನ್ ಬಂತು. ಸೀಟು ಸಿಕ್ಕಿತ್ತು. ದಾರಿಯಲ್ಲಿ ಬಾಟಲಿ ಚೂರು ಹೊಕ್ಕು ಗಾಳಿ ಹೋದರೂ ಅವಳೇ ಟ್ಯೂಬ್ ಬದಲಿಸಿ, ಮುಂದೆ ಹೋದವರನ್ನು ದಾಟಿಕೊಂಡು ಬಂದಳಂತೆ. ಖುಷಿಯಲ್ಲಿದ್ದಾನೆಂದು ನಾನು ತಿಳಿದರೆ, ಅವನ ದನಿ ಬೇರೆಯೇ ಇತ್ತು.

“ಹಾಸ್ಟೆಲ್ಲಲ್ಲಿ ಅವಳಿಗೆ ಚಕ್ರ ಯಾರು ನೋಡಿ ಕೊಡ್ತ್ರು?”

“ಯಾರೂ ಇಲ್ಲ, ಲಕ್ಷ್ಮಣಣ್ಣ. ಅವಳೇ ನೋಡ್ಕಳ್ತಾಳೆ.”

ಹಾಗಾದರೆ ಆಯಿತು ಎಂದ.

ಈಗ ಯಾರು ಟ್ಯೂಬ್ ಕೆಟ್ಟಿತೆಂದು ಬಂದರೂ ಸೈಜ್ ಆಮೇಲೆ ಕೇಳುತ್ತೇನೆ. ಮೊದಲು ಕೇಳುವುದು, ಮನೆಯಲ್ಲಿ ಟೈರ್ ಹಾಕುವವರು ಯಾರು ಎಂದು. ಉತ್ತರ ಬಂದ ಮೇಲೆ, ಅವರನ್ನೂ ಚಕ್ರವನ್ನೂ ಒಟ್ಟಿಗೆ ಕರೆದುಕೊಂಡು ಬನ್ನಿ ಎನ್ನುತ್ತೇನೆ.