ಗ್ರಾಮಸಭೆಯಲ್ಲಿ ಒಂದು ಒಡಪು

2003ರಲ್ಲಿ ನಾನು ರಾಮದುರ್ಗ ತಾಲ್ಲೂಕು ಪಂಚಾಯತಿಯಲ್ಲಿ ವಿಸ್ತರಣಾಧಿಕಾರಿಯಾಗಿದ್ದೆ. ಮಂಡ್ಯ ಕಡೆಯವನು. ಮಕ್ಕಳ ಶಾಲೆ ಬಿಡಿಸಲಾಗದೆ ಹೆಂಡತಿ ಊರಿನಲ್ಲೇ ಉಳಿದಿದ್ದಳು. ನನಗೆ ಬಸ್ ನಿಲ್ದಾಣದ ಹಿಂದೆ ಒಂದು ಬಾಡಿಗೆ ಕೋಣೆ, ಎರಡು ಹೊತ್ತು ಖಾನಾವಳಿಯ ಊಟ. ಜೋಳದ ರೊಟ್ಟಿ ಬೇಗನೆ ಒಗ್ಗಿತು. ಅಲ್ಲಿಯ ಮಾತು ಒಗ್ಗಲು ಬಹಳ ಕಾಲ ಹಿಡಿಯಿತು.

ಆಗ ಪ್ರತಿ ಗ್ರಾಮಸಭೆಗೂ ತಾಲ್ಲೂಕಿನಿಂದ ಒಬ್ಬ ನೋಡಲ್ ಅಧಿಕಾರಿಯನ್ನು ಕಳಿಸುತ್ತಿದ್ದರು. ಸಭೆ ನಿಜವಾಗಿ ನಡೆಯಿತೇ, ಪಂಚಾಯತಿಯ ಕೆಲಸಗಳನ್ನು ಜನರ ಮುಂದೆ ಓದಿ ಹೇಳಿದರೇ ಎಂದು ನೋಡಿ ವರದಿ ಬರೆಯುವುದು ಅವನ ಕೆಲಸ. ಎಷ್ಟೋ ಕಡೆ ಸಭೆ ಯಾರದೋ ಪಡಸಾಲೆಯಲ್ಲಿ, ನಾಲ್ಕು ಜನರ ಚಹಾದೊಂದಿಗೆ ಮುಗಿದುಹೋಗುತ್ತಿತ್ತು. ನಾನು ಬಯಲಲ್ಲೇ ಸಭೆ ಮಾಡಿಸುತ್ತೇನೆ, ಪ್ರತಿ ಕಾಮಗಾರಿಯನ್ನೂ ಗಟ್ಟಿಯಾಗಿ ಓದಿಸುತ್ತೇನೆ ಎಂದು ಹಟ ಹಿಡಿದೆ. ಸುದ್ದಿ ನನಗಿಂತ ಮೊದಲೇ ಹಳ್ಳಿಗಳಿಗೆ ತಲುಪುತ್ತಿತ್ತು. ಖಾನಾವಳಿಯಲ್ಲಿ ನನ್ನ ಎದುರು ಕೂರುತ್ತಿದ್ದವರು ಬೇರೆ ಮೇಜು ಹುಡುಕಿಕೊಂಡರು. ಸಂಜೆ ಮಾತಾಡಲು ಒಬ್ಬರೂ ಇಲ್ಲದೆ ಬಸ್ ನಿಲ್ದಾಣಕ್ಕೆ ಹೋಗಿ, ಸವದತ್ತಿ, ಬೈಲಹೊಂಗಲ ಎಂದು ಬಸ್ಸುಗಳ ಬೋರ್ಡು ಓದುತ್ತಾ ಕೂರುತ್ತಿದ್ದೆ. ಒಂಟಿತನ ಏನೆಂದು ನನಗೆ ಗೊತ್ತಾದದ್ದು ಆ ಕಲ್ಲುಬೆಂಚಿನ ಮೇಲೆ.

ಆ ಬೇಸಿಗೆಯಲ್ಲಿ ಸುರೇಬಾನದ ಆಚೆಯ ಒಂದು ಹಳ್ಳಿಯ ಸಭೆಗೆ ನನ್ನನ್ನು ಹಾಕಿದರು. ಊರಿನ ಹೆಸರು ಬೇಡ. ಅಲ್ಲಿ ಕೆಳಗಿನ ಓಣಿಗೆಂದು ಹೊಸ ನೀರಿನ ಟಾಕಿ ಕಟ್ಟಿದ್ದರು. ತುಂಬಿಸಿದ ದಿನವೇ ಬುಡ ಬಿರುಕು ಬಿಟ್ಟು ನೀರೆಲ್ಲ ನೆಲದ ಪಾಲಾಗಿತ್ತು. ಓಣಿಯ ಹೆಂಗಸರು ಮತ್ತೆ ಕೊಡ ಹೊತ್ತು ಹೊಳೆಯ ದಾರಿ ಹಿಡಿದಿದ್ದರು. ಗ್ರಾಮಸಭೆ ‘ಕೆಲಸ ಸರಿಯಾಗಿದೆ’ ಎಂದು ಒಪ್ಪಿಬಿಟ್ಟರೆ ಗುತ್ತಿಗೆದಾರನ ಹೊಣೆ ಅಲ್ಲಿಗೆ ಮುಗಿಯುತ್ತಿತ್ತು. ಆಮೇಲೆ ಆ ಟಾಕಿಯನ್ನು ಯಾರೂ ತಿರುಗಿ ನೋಡುತ್ತಿರಲಿಲ್ಲ. ಕಾಗದದ ಮೇಲೆ ಗುತ್ತಿಗೆದಾರ ಬೇರೆ ತಾಲ್ಲೂಕಿನವನು. ಆ ಮನುಷ್ಯನನ್ನು ಊರಲ್ಲಿ ಕಂಡವರೇ ಇರಲಿಲ್ಲ.

ಪಂಚಾಯತಿಯ ಅಧ್ಯಕ್ಷೆ ನೀಲವ್ವ. ಮಹಿಳಾ ಮೀಸಲಾತಿಯಲ್ಲಿ ಗೆದ್ದು ಬಂದ, ಇನ್ನೂ ಸಣ್ಣ ವಯಸ್ಸಿನ ಹೆಣ್ಣುಮಗಳು. ಕುರ್ಚಿಯಲ್ಲಿ ಕೂರುತ್ತಿದ್ದವರು ಮಾತ್ರ ಅವರ ಯಜಮಾನರು ಬಸವಂತಪ್ಪ. ‘ಅಧ್ಯಕ್ಷರೇ’ ಎಂದು ಕರೆದರೆ ತಿರುಗುತ್ತಿದ್ದವರೂ ಅವರೇ. ಸಭೆ ಶಾಲೆಯ ಅಂಗಳದಲ್ಲಿತ್ತು. ಬಸವಂತಪ್ಪನವರಿಗೆ ಕೆಳಗೆ ಜನರ ಜೊತೆ ಕೂರಲು ಹೇಳಿದೆ. ಅವರು ನಕ್ಕರು.

“ಆತ್ರಿ, ಕುಂಡ್ರತೇನಿ. ಆದ್ರ ಆಕಿಗೆ ಏನೂ ತಿಳಿಯಂಗಿಲ್ಲರಿ ಸಾಹೇಬ್ರ,” ಎಂದರು.

ಟಾಕಿಯ ವಿಷಯ ಬಂದಾಗ ನಾನು ಕಾಯ್ದೆಯನ್ನು ಸಭೆಗೆ ಬಿಡಿಸಿ ಹೇಳಿದೆ. ಪಂಚಾಯತಿಯ ಕಾಮಗಾರಿಯಲ್ಲಿ ಸದಸ್ಯರಿಗೆ ನೇರವಾಗಿಯಾಗಲಿ, ಮನೆಯವರ ಮರೆಯಲ್ಲಾಗಲಿ ಪಾಲಿರಕೂಡದು, ಇದ್ದರೆ ಸದಸ್ಯತ್ವವೇ ಹೋಗುತ್ತದೆ ಎಂದೆ. ಹೇಳಿ, ನೀಲವ್ವನವರ ಕಡೆ ತಿರುಗಿದೆ.

“ಈ ಕೆಲಸ ನಿಂತು ಮಾಡಿಸಿದವರು ಯಾರು? ಹೆಸರು ಹೇಳಿ, ಅಧ್ಯಕ್ಷರೇ.”

ಹೆಂಗಸರ ಸಾಲಿನಿಂದ ಕಿಸಕ್ಕನೆ ನಗು ಬಂತು. ಮುಂದೆ ಕೂತಿದ್ದ ಮುದುಕಿಯೊಬ್ಬಳು ಬಾಯಿಗೆ ಸೆರಗು ಹಿಡಿದು, “ಅಯ್ಯ, ಸಾಹೇಬ್ರು ನೀಲವ್ವಗ ಒಡಪು ಹೇಳು ಅನ್ನಾಕತ್ತಾರಲ್ಲ!” ಎಂದಳು. ಇಡೀ ಅಂಗಳ ನಕ್ಕಿತು. ಬಸವಂತಪ್ಪನವರೂ ನಕ್ಕರು. ನಾನು ಮಾತ್ರ ಪೆಚ್ಚಾಗಿ ಕೂತೆ.

ಪಕ್ಕದಲ್ಲಿದ್ದ ಪಂಚಾಯತಿ ಕಾರ್ಯದರ್ಶಿ ಕಿವಿಯಲ್ಲಿ ವಿವರಿಸಿದರು. ಆ ಕಡೆ ಹೆಂಗಸರು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ. ಮದುವೆ, ಬಸುರಿಯ ಕುಬಸದಂಥ ಸಂಭ್ರಮದಲ್ಲಿ ಸುತ್ತ ಕೂತವರು ‘ಹೆಸರು ಹೇಳು, ಹೆಸರು ಹೇಳು’ ಎಂದು ಕಾಡುತ್ತಾರೆ. ಆಗ ಪ್ರಾಸದ ಎರಡು ಸಾಲು ಕಟ್ಟಿ, ಅದರೊಳಗೆ ಗಂಡನ ಹೆಸರು ಸೇರಿಸಿ ಹೇಳಬೇಕು. ಅದು ಒಡಪು. ನಾನು ಸರ್ಕಾರಿ ಧಾಟಿಯಲ್ಲಿ ಕೇಳಿದ ಮಾತು ಅವರ ಕಿವಿಗೆ ಮದುವೆಮನೆಯ ಮಾತಾಗಿ ಬಿದ್ದಿತ್ತು. ನಾನು ಕೇಳಿದ್ದು ಟಾಕಿ ಕಟ್ಟಿಸಿದವನ ಹೆಸರು, ಜನ ನಕ್ಕಿದ್ದು ಗಂಡನ ಹೆಸರಿಗೆ. ಅಂದರೆ ಉತ್ತರ ಆ ಅಂಗಳದಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ನಗು ಇನ್ನೂ ಪೂರ್ತಿ ನಿಂತಿರಲಿಲ್ಲ. ನೀಲವ್ವ ಎದ್ದು ನಿಂತರು. ತಲೆಯ ಮೇಲಿನ ಸೆರಗು ಸರಿ ಮಾಡಿಕೊಂಡರು. ಮದುವೆಮನೆಯಲ್ಲಿ ಹೇಳುವ ಹಾಗೆಯೇ, ತುಸು ರಾಗವಾಗಿ ಹೇಳಿದರು:

“ಕೆಳಗಿನ ಓಣ್ಯಾಗ ಟಾಕಿ ಕಟ್ಯಾರ, ನಳದಾಗ ಬರೇ ಗಾಳಿ,
ಕಟ್ಟಿಸಿದವರು ನಮ್ಮ ಬಸವಂತರಾಯರು, ಎಲ್ಲಾರೂ ಕೇಳಿ.”

ಯಾರೂ ನಗಲಿಲ್ಲ. ಬಸವಂತಪ್ಪ ಎದ್ದು ಧೋತರದ ಮಣ್ಣು ಕೊಡವಿಕೊಂಡು, ಯಾರ ಮುಖವನ್ನೂ ನೋಡದೆ ಹೊರಟುಹೋದರು. ನೀಲವ್ವ ನಿಂತೇ ಇದ್ದರು.

“ಬರಕೊಂಡ್ರ್ಯಾ, ಸಾಹೇಬ್ರ?”

“ಬರೆದುಕೊಂಡೆನಮ್ಮಾ,” ಎಂದೆ.

ಸಭೆ ಟಾಕಿಯನ್ನು ಒಪ್ಪಲಿಲ್ಲ. ಕೆಲವು ತಿಂಗಳಲ್ಲಿ ಅದನ್ನು ಒಡೆದು ಹೊಸದಾಗಿ ಕಟ್ಟಿಸಿದರು, ಕೆಳಗಿನ ಓಣಿಗೆ ನೀರು ಬಂತು. ಆದರೆ ಕಾಯ್ದೆ ಕಾಯ್ದೆಯೇ. ವಿಚಾರಣೆ ನಡೆದು ನೀಲವ್ವನವರ ಸದಸ್ಯತ್ವ ಹೋಯಿತು. ಬಸವಂತಪ್ಪನವರಿಗೆ ಕಳೆದುಕೊಳ್ಳಲು ಯಾವ ಸ್ಥಾನವೂ ಇರಲಿಲ್ಲ. ಅಷ್ಟರಲ್ಲಿ ನನ್ನನ್ನು ಸವದತ್ತಿಗೆ ವರ್ಗ ಮಾಡಿದರು. ಕೋಣೆ ಬದಲಾಯಿತು, ಖಾನಾವಳಿ ಬದಲಾಯಿತು. ನನ್ನ ಎದುರಿನ ಕುರ್ಚಿ ಅಲ್ಲೂ ಖಾಲಿಯೇ ಇತ್ತು.

ಮಾಹಿತಿ ಹಕ್ಕು ಕಾಯ್ದೆ ಬಂದ ವರ್ಷ ಸಹೋದ್ಯೋಗಿಯೊಬ್ಬರ ಮನೆಯ ಮದುವೆಗೆಂದು ಮುರಗೋಡಕ್ಕೆ ಹೋಗಿದ್ದೆ. ಹಂದರದ ಅಂಚಿನಲ್ಲಿ ಒಬ್ಬರೇ ಕೂತಿದ್ದ ಹೆಣ್ಣುಮಗಳು ನನ್ನನ್ನು ನೋಡಿ ಎದ್ದು ನಿಂತರು. ನೀಲವ್ವ. ಬಹಳ ಸೊರಗಿದ್ದರು. ನೀರು ಬರುತ್ತಿದೆಯೇ ಎಂದು ಕೇಳಿದೆ.

“ಚಲೋ ಬರತಾವ್ರಿ,” ಎಂದರು.

“ಮನೆಯಲ್ಲಿ?”

“ಉಣ್ಣಾಕ ಬರತಾರ್ರಿ. ಮಾತಿಲ್ಲ.”

ಒಳಗೆ ಹೆಂಗಸರು ಮದುಮಗಳನ್ನು ಸುತ್ತುವರಿದು ‘ಹೆಸರು ಹೇಳು’ ಎಂದು ಕಾಡುತ್ತಿದ್ದರು. ಮದುಮಗಳದಾದ ಮೇಲೆ ಒಬ್ಬೊಬ್ಬರದೇ ಸರದಿ. ನೀಲವ್ವ ಸ್ವಲ್ಪ ಹೊತ್ತು ಆ ಕಡೆ ಕಿವಿಗೊಟ್ಟು ನಿಂತರು.

“ನನಗ ಈಗ ಯಾರೂ ಹೆಸರು ಹೇಳು ಅನ್ನಂಗಿಲ್ಲರಿ, ಸಾಹೇಬ್ರ.”

ನನಗೆ ಬಹಳ ಸಂಕಟವಾಯಿತು.

ನಿವೃತ್ತಿಯಾಗುವವರೆಗೂ ಗ್ರಾಮಸಭೆಗಳನ್ನು ಬಯಲಲ್ಲೇ ಮಾಡಿಸಿದೆ, ಪಾರದರ್ಶಕತೆಯ ಬಗ್ಗೆ ತರಬೇತಿಗಳಲ್ಲಿ ಗಂಟಲು ಹರಿಯುವಂತೆ ಮಾತಾಡಿದೆ. ಆದರೆ ಒಬ್ಬರನ್ನೇ ಎಬ್ಬಿಸಿ ‘ಹೆಸರು ಹೇಳಿ’ ಎಂದು ಮತ್ತೆಂದೂ ಕೇಳಲಿಲ್ಲ. ಗೊತ್ತಿರುವವರೆಲ್ಲ ಕೈ ಎತ್ತಿ ಎನ್ನುತ್ತಿದ್ದೆ, ಕೈಗಳು ಏಳುವವರೆಗೂ ಕಾಯುತ್ತಿದ್ದೆ. ಕೆಲವೊಮ್ಮೆ ಬಹಳ ಹೊತ್ತು ಕಾಯಬೇಕಾಗುತ್ತಿತ್ತು. ಕೆಲಸ ನನಗೆ ಕಲಿಸಿದ್ದು ಇಷ್ಟೇ. ಅಂದು ಆ ಅಂಗಳದಲ್ಲಿ ಹೆಸರು ಗೊತ್ತಿಲ್ಲದವನು ನಾನೊಬ್ಬನೇ ಇದ್ದೆ. ಹೇಳಿದವರು ಮಾತ್ರ ನೀಲವ್ವ ಒಬ್ಬರೇ.