ಎದುರಾಳಿಯ ಜೇಬಿನಲ್ಲಿದ್ದ ಶುಲ್ಕ

ಸೆರೆಮನೆಯಲ್ಲಿ ಎಲ್ಲರೂ ಅವನನ್ನು ಕರೆಯುತ್ತಿದ್ದುದು ವಾಚಿನಣ್ಣ ಎಂದು. ಗಡಿಯಾರ ರಿಪೇರಿಯವನು, ಕಳವಿನ ಮಾಲೆಂದು ಗೊತ್ತಿದ್ದೂ ಗಡಿಯಾರಗಳನ್ನು ಕೊಂಡದ್ದು ಅವನ ಅಪರಾಧ. ಅದನ್ನು ಅವನೂ ಅಲ್ಲಗಳೆಯಲಿಲ್ಲ. ಆದರೆ ನ್ಯಾಯಾಲಯ ವಿಧಿಸಿದ್ದು ಸೆರೆವಾಸವನ್ನು, ಕುರುಡುತನವನ್ನಲ್ಲ. ಬಲಗಣ್ಣು ಮಬ್ಬಾಗಿ, ಎಡಗಣ್ಣೂ ಅದೇ ಹಾದಿ ಹಿಡಿದಾಗ, ಆಸ್ಪತ್ರೆಗೆ ಕಳಿಸಿರೆಂದು ಮತ್ತೆ ಮತ್ತೆ ಕೇಳಿದ. ‘ಬೆಂಗಾವಲಿಗೆ ಜನವಿಲ್ಲ’ ಎಂಬುದೊಂದೇ ಉತ್ತರ. ಕೊನೆಗೆ ಸೆರೆಮನೆಯ ಅಧಿಕಾರಿಯ ಮೇಲೆಯೇ ಮೊಕದ್ದಮೆ ಹೂಡಿದ.

ಮೊಕದ್ದಮೆಗೆ ಶುಲ್ಕವುಂಟು. ಬಡ ಕೈದಿಗೆ ವಿನಾಯಿತಿಯೂ ಉಂಟು. ಸೆರೆಮನೆಯಲ್ಲಿರುವ ಅವನ ಖಾತೆಯ ಲೆಕ್ಕವನ್ನು ಬಡತನದ ಪುರಾವೆಯಾಗಿ ಅಲ್ಲಿನ ಕಚೇರಿಯೇ ನೇರವಾಗಿ ನ್ಯಾಯಾಲಯಕ್ಕೆ ಕಳಿಸುತ್ತದೆ. ಖಾತೆ ಬರಿದೆಂದೇ ಅವನು ನಂಬಿದ್ದ. ಬಂದ ಆದೇಶವೋ ಬೇರೆಯೇ: ಅರ್ಜಿದಾರ ಬಡವನಲ್ಲ, ತಿಂಗಳೊಳಗೆ ಶುಲ್ಕ ಕಟ್ಟದಿದ್ದರೆ ಮೊಕದ್ದಮೆ ವಜಾ.

ನಿಂತ ಗಡಿಯಾರ ಕಂಡರೆ ಹಿಂಬದಿ ಬಿಚ್ಚದೆ ಬಿಡದ ಜೀವ ಅವನದು. ಕೋಪಕ್ಕಿಂತ ಕುತೂಹಲವೇ ಹೆಚ್ಚಾಯಿತು. ತಾನು ಸಾಹುಕಾರನಾದದ್ದು ಯಾವಾಗ? ಬಟ್ಟೆ ಹೊಲಿದು ಬದುಕುವ ಅಕ್ಕ ಭೇಟಿಗೆ ಬಂದ ದಿನ ಅದು ಬಯಲಾಯಿತು.

“ಕೋರ್ಟಿಗೆ ಕಟ್ಲಿ ಅಂತ ನಾನೇ ನಿನ್ನ ಖಾತೆಗೆ ದುಡ್ಡು ಕಳಿಸಿದ್ದು ಕಣೋ,” ಎಂದಳು ಅಕ್ಕ, ಜಾಲರಿಯಾಚೆಯಿಂದ. “ಹೊಲಿಗೆ ಮಿಷನ್ ಮಾರಿದೆ. ಮುಂಚೆ ಹೇಳಿದ್ರೆ ನೀನೆಲ್ಲಿ ಒಪ್ತಿದ್ದೆ?”

“ಸರಿಹೋಯ್ತು! ನಿನ್ನ ಮಿಷನ್ ನನ್ನನ್ನ ಶ್ರೀಮಂತ ಮಾಡಿಬಿಡ್ತಲ್ಲಕ್ಕಾ.”

“ಅಯ್ಯೋ, ನನ್ನ ಬುದ್ಧಿಗಿಷ್ಟು! ಹೋಗ್ಲಿ, ಆ ದುಡ್ಡನ್ನೇ ಕಟ್ಟಿಬಿಡು.”

“ಖಾತೆಯಿಂದ ತೆಗೀಬೇಕಾದ್ರೆ ಸಾಹೇಬರ ರುಜು ಬೇಕು.”

“ಯಾವ ಸಾಹೇಬ್ರು?”

“ಯಾರ ಮೇಲೆ ಕೇಸು ಹಾಕಿದೀನೋ, ಅವರೇ.”

ಅಕ್ಕ ನಕ್ಕದ್ದು ಅವನಿಗೆ ಕೇಳಿಸಿತು. ಅವಳ ಕಣ್ಣು ಒದ್ದೆಯಾದದ್ದು ಕಾಣಲಿಲ್ಲ.

ವಾದಿಯ ಹಣವನ್ನು ಪ್ರತಿವಾದಿಯ ವಶದಲ್ಲಿಟ್ಟು, ‘ಹಣವಿದೆಯಲ್ಲ, ಕಟ್ಟು’ ಎನ್ನುವ ಏರ್ಪಾಡನ್ನು ನ್ಯಾಯವೆಂದು ಕರೆಯಲು ಎಂಥ ಎದೆಗಾರಿಕೆ ಬೇಕು!

ಅಧಿಕಾರಿ ಕೆಡುಕನೇನಲ್ಲ, ನಿಯಮ ಕೇಳದೆ ಉಸಿರನ್ನೂ ಬಿಡದ ಮನುಷ್ಯ.

“ಸೋಪು ತಗೋತೀಯಾ, ಬಿಸ್ಕತ್ತು ತಗೋತೀಯಾ, ಸಹಿ ಹಾಕ್ತೀನಿ. ನನ್ನ ಮೇಲಿನ ಕೇಸಿಗೆ ನಾನೇ ದುಡ್ಡು ಬಿಡಬೇಕಾ? ನಿಯಮದಲ್ಲಿ ಇಲ್ಲಪ್ಪ.”

“ಮತ್ತೆ ಯಾವುದಕ್ಕೆ ಬಿಡಬಹುದು ಸಾರ್? ಸುಮ್ನೆ ತಿಳ್ಕೊಳ್ಳೋಣ ಅಂತ.”

“ಒಳಗಿನ ಅಂಗಡಿ ಸಾಮಾನಿಗೆ ಮಾತ್ರ.”

“ಹಾಗಂತ ಬರೆದುಕೊಡ್ತೀರಾ?”

“ಧಾರಾಳವಾಗಿ!” ನಿಯಮ ತನ್ನ ಪಕ್ಷದಲ್ಲಿದೆಯೆಂಬ ಹೆಮ್ಮೆಯಿಂದ ಅಧಿಕಾರಿ ಮೊಹರನ್ನೂ ಒತ್ತಿದ.

ಅಕ್ಕ ಆ ಕಾಗದವನ್ನು ನ್ಯಾಯಾಲಯಕ್ಕೆ ತಲುಪಿಸಿದಳು. ಮುಟ್ಟಲಾಗದ ಹಣ ಇದ್ದೂ ಇಲ್ಲದಂತೆ ಎಂದು ನ್ಯಾಯಾಧೀಶರು ಶುಲ್ಕ ಮನ್ನಾ ಮಾಡಿದರು. ಸೆರೆಮನೆಗೆ ನೋಟಿಸು ಬಂದ ಮರುದಿನವೇ ಬೆಂಗಾವಲಿಗೆ ಜನ ಸಿಕ್ಕರು! ಎಡಗಣ್ಣು ಉಳಿಯುತ್ತದೆ, ಬಲಗಣ್ಣಿಗೆ ಕಾಲ ಮಿಂಚಿದೆ ಎಂದರು ವೈದ್ಯರು.

“ಚಿಕಿತ್ಸೆ ಆಯ್ತಲ್ಲಪ್ಪಾ, ಇನ್ನು ಕೇಸು ವಾಪಸ್ ತಗೋ,” ಎಂದ ಅಧಿಕಾರಿ.

ವಾಚಿನಣ್ಣ ಒಂದೇ ಕಣ್ಣಿನಿಂದ ಅವನನ್ನು ನಿರುಕಿಸಿದ. “ನಮ್ಮ ಪಕ್ಕದ ಕೋಣೆ ತಾತನಿಗೆ ಎದೆ ನೋವಂತೆ ಸಾರ್. ಅವರು ಕೇಸು ಹಾಕಿಲ್ಲ. ಅವರಿಗೂ ಬೆಂಗಾವಲು ಸಿಗುತ್ತಾ ಅಂತ ನೋಡ್ಬೇಕು. ಆಮೇಲೆ ಹೇಳ್ತೀನಿ.”

ಮೊಕದ್ದಮೆ ಇನ್ನೂ ನಡೆಯುತ್ತಿದೆ.